ಚಂದ್ರನ ತೂಕ

ಅಂಗಡಿಯವನನ್ನು ನೋಡಿ ನನಗೇ ಅಯ್ಯೋ ಪಾಪ ಅನ್ನಿಸಿತು. ಕೌಂಟರಿನ ಮೇಲೆ ಎರಡು ತೂಕದ ಮಷಿನ್ ಇಟ್ಟುಕೊಂಡು ಆ ಪುಣ್ಯಾತ್ಮ ಎಷ್ಟೋ ಹೊತ್ತಿನಿಂದ ನಿಂತೇ ಇದ್ದ. ಒಂದು ಮುಳ್ಳಿನದು. ಕಬ್ಬಿಣದ ಮೈ, ಮೇಲೆ ಗೀರುಗೀರಿನ ರಬ್ಬರು, ಗಾಜಿನೊಳಗೆ ಕೆಂಪು ಮುಳ್ಳು. ಇನ್ನೊಂದು ಡಿಜಿಟಲ್. ತೆಳ್ಳಗಿನ ಗಾಜು, ಹತ್ತಿ ನಿಂತರೆ ನೀಲಿ ಅಂಕಿ. ಬಚ್ಚಲುಮನೆಯ ಮೂಲೆಯಲ್ಲಿ ಬಿದ್ದಿರುವ ಸಾಮಾನು, ಅಷ್ಟೇ. ಆದರೆ ಅಕ್ಕನೂ ನಾನೂ ಕೈ ಹಾಕಿದ ಮೇಲೆ ಯಾವುದು ತಾನೇ ಅಷ್ಟಕ್ಕೇ ಮುಗಿದಿದೆ?

"ಮುಳ್ಳಿಂದೇ ಕೊಡಪ್ಪ" ಅಂದಳು ಅಕ್ಕ. "ಮುಳ್ಳಿಗೆ ದಾಕ್ಷಿಣ್ಯ ಇರುತ್ತೆ. ಸ್ವಲ್ಪ ಹಿಂದೆ ಮುಂದೆ ನೋಡ್ಕೊಂಡು ನಿಲ್ಲುತ್ತೆ."

"ಅದಕ್ಕೇ ಬೇಡ ಅಂದಿದ್ದು! ತೂಕದ ಮಷಿನ್ನಿಗೆ ದಾಕ್ಷಿಣ್ಯ ಯಾಕೆ? ಡಿಜಿಟಲ್ ಕಡ್ಡಿ ಮುರಿದ ಹಾಗೆ ಹೇಳುತ್ತೆ."

"ನಿನ್ನ ಹಾಗೆ."

"ಹೂಂ, ನನ್ನ ಹಾಗೆ. ಏನೀಗ?"

ಅಂಗಡಿಯವನು ನಡುವೆ ಬಾಯಿ ಹಾಕಿದ. "ಅಮ್ಮ, ತೂಕ ಇಳಿಸ್ಬೇಕಾಗಿರೋದು ಯಾರು, ಅದನ್ನ ಹೇಳಿ."

"ಇಳಿಯೋಕಲ್ಲಪ್ಪ, ಏರೋಕೆ" ಅಂದಳು ಅಕ್ಕ. "ನಾನು ಆಕಾಶಕ್ಕೆ ಏರ್ಬೇಕು."

ಅವನು ನನ್ನ ಮುಖ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ. ಅವನು ಎರಡೂ ಮಷಿನ್ನುಗಳನ್ನು ಒಂದೇ ಚೀಲಕ್ಕೆ ಹಾಕಿದ. "ಎರಡೂ ತಗೊಂಡ್ಹೋಗಿ. ಹದಿನೈದು ದಿನ ಟೈಮಿದೆ, ಬೇಡದ್ದನ್ನ ವಾಪಸ್ ತನ್ನಿ. ಆದ್ರೆ ದಯವಿಟ್ಟು ಒಬ್ಬರೇ ಬನ್ನಿ" ಅಂದ.

ಅಕ್ಕ ಹೇಳಿದ್ದು ಸುಳ್ಳೇನಲ್ಲ. ಅವಳು ನಿಜವಾಗಿಯೂ ಏರಬೇಕಾಗಿತ್ತು.

ನಮ್ಮದು ಹೊಲಿಗೆ ಅಂಗಡಿ. ಕೆಳಗೆ ಬೇಕರಿ, ಮೇಲೆ ನಾವು. ಮುಂದಿನ ಕೋಣೆಯಲ್ಲಿ ಎರಡು ಮಷಿನ್ನು, ಕತ್ತರಿಸುವ ಉದ್ದನೆಯ ಮೇಜು. ಹಿಂದೆ ಮಲಗುವುದು, ಉಣ್ಣುವುದು, ಜಗಳವಾಡುವುದು. ಬೀದಿಯ ಕೊನೆಯ ಸಭಾಂಗಣದಲ್ಲಿ ನಾಟಕ ಆಡುವ ತಂಡಕ್ಕೆ ಮೊದಲಿನಿಂದಲೂ ಉಡುಪು ಹೊಲಿಯುವವರು ನಾವೇ. ಅಕ್ಕ ಅದರ ಜೊತೆಗೆ ಅಲ್ಲಿಯ ಪ್ರಾಂಪ್ಟರ್. ಪರದೆಯ ಪಕ್ಕ ಕತ್ತಲಲ್ಲಿ ಸ್ಟೂಲು ಹಾಕಿಕೊಂಡು ಕೂತು, ಮಾತು ಮರೆತವರಿಗೆ ಪಿಸುಗುಟ್ಟಿ ನೆನಪಿಸುವ ಕೆಲಸ. ರಾಜ ಮರೆತರೂ ಅಕ್ಕ, ರಾಣಿ ಮರೆತರೂ ಅಕ್ಕ. ತಂಡದವರೆಲ್ಲ ಅವಳನ್ನು ಪಿಸು ಅಕ್ಕ ಅಂತಲೇ ಕರೆಯುವುದು. ಅವಳ ತಲೆಕೂದಲು ಬೆಳ್ಳಗಾಗಿದ್ದು ಆ ಸ್ಟೂಲಿನ ಮೇಲೆಯೇ. ಒಂದು ದಿನವೂ ಪ್ರೇಕ್ಷಕರ ಕಣ್ಣಿಗೆ ಬಿದ್ದವಳಲ್ಲ. ನಾಟಕ ಮುಗಿದ ಮೇಲೆ ಎಲ್ಲರ ಹೆಸರು ಕೂಗುತ್ತಾರಲ್ಲ, ಆಗಲೂ ಇವಳ ಹೆಸರು ಮರೆತೇ ಹೋಗುತ್ತದೆ, ಯಾಕೆಂದರೆ ಅದನ್ನು ನೆನಪಿಸಬೇಕಾದವಳು ಇವಳೇ!

ಈ ಸಲದ ನಾಟಕ ಕಳೆದುಹೋದ ಚಂದ್ರನದು. ರಾಜನೊಬ್ಬ ಇಡೀ ನಾಟಕ ಚಂದ್ರನನ್ನು ಹುಡುಕುತ್ತಾನೆ. ಬಾವಿಯಲ್ಲಿ, ಪೆಟ್ಟಿಗೆಯಲ್ಲಿ, ಬಡಪಾಯಿ ಮಂತ್ರಿಯ ಜೇಬಿನಲ್ಲಿ. ಕಡೆಯ ದೃಶ್ಯದಲ್ಲಿ ಚಂದ್ರ ಕೋಟೆಗೋಡೆಯ ಹಿಂದಿನಿಂದ ಮೇಲೇರಿ ಬಂದು ನಾಲ್ಕು ಮಾತು ಆಡಬೇಕು. ಆ ಪಾತ್ರದಾಕೆಗೆ ಬೇರೆ ಊರಿಗೆ ವರ್ಗವಾಯಿತು. ನಾಟಕ ಆಡಿಸುವ ಮೇಷ್ಟ್ರು ತಲೆ ಕೆರೆದುಕೊಂಡು ಸುತ್ತ ನೋಡಿ, "ಪಿಸು ಅಕ್ಕ, ಚಂದ್ರ ಅಂದ್ರೆ ಭೂಮಿಯಷ್ಟೇ ಹಳಬ. ನೀವೇ ಯಾಕಾಗಬಾರ್ದು?" ಅಂದುಬಿಟ್ಟರು.

ಅಕ್ಕ ಆ ಸಂಜೆ ಮನೆಗೆ ನಡೆದು ಬರಲಿಲ್ಲ, ಕುಪ್ಪಳಿಸಿಕೊಂಡು ಬಂದಳು. ಅರವತ್ತು ದಾಟಿದ ಹೆಂಗಸು! ಮೆಟ್ಟಿಲ ಮೇಲೆ ಬೇಕರಿಯ ಬ್ರೆಡ್ಡಣ್ಣನನ್ನು ಹಿಡಿದು ನಿಲ್ಲಿಸಿ ಚಂದ್ರನ ಮಾತನ್ನು ಒಪ್ಪಿಸಿದಳು. ಅವನು ಕೈಯಲ್ಲಿದ್ದ ಬನ್ನಿನ ತಟ್ಟೆ ಸಮೇತ ಕೇಳಿಸಿಕೊಂಡ.

ಆದರೆ ವೈರು ಒಂದು ಕೊಕ್ಕೆ ಹಾಕಿದ. ವೈರು ಅಂದರೆ ನಮ್ಮ ತಂಡದ ಎಲೆಕ್ಟ್ರಿಷಿಯನ್, ಚಂದ್ರನನ್ನು ಏರಿಸುವ ಮೋಟರು, ರಾಟೆ, ಉಕ್ಕಿನ ಹಗ್ಗ ಎಲ್ಲ ಅವನ ಸುಪರ್ದಿ. "ನನ್ನ ಮೋಟರು ಅರವತ್ತು ಕೆಜಿಗೆ ಬದ್ಧ. ಬೆಲ್ಟಿನ ತೂಕ ನಾನು ನೋಡ್ಕೋತೀನಿ. ಅದು ಬಿಟ್ಟು ಅರವತ್ತರ ಮೇಲೆ ಒಂದು ಗುಂಡುಪಿನ್ನನ್ನೂ ಏರಿಸಲ್ಲ. ಭಾನುವಾರದ ತಾಲೀಮಿಗೆ ಮಷಿನ್ ತನ್ನಿ, ನನ್ನ ಕಣ್ಣೆದುರಿಗೆ ಹತ್ತಿ ನಿಲ್ಲಿ. ಜಾಸ್ತಿ ಬಂತೋ, ಪಾತ್ರ ಕಡ್ಡಿಗೆ."

ಕಡ್ಡಿ ಅಂದರೆ ಬ್ಯಾಂಕಿನ ಕ್ಯಾಷಿಯರ್ ಹುಡುಗಿ. ಒಳ್ಳೆಯವಳೇ, ಊದಿದರೆ ಹಾರುವಷ್ಟು ತೆಳ್ಳಗಿದ್ದಾಳೆ, ಮೋಟರೂ ಬೇಡ. ಆದರೆ ನಾಲ್ಕು ಮಾತಿನಲ್ಲಿ ಐದು ಮರೆಯುತ್ತಾಳೆ. ಕಡ್ಡಿ ಏರಿದರೆ ಅಕ್ಕ ಮತ್ತೆ ಸ್ಟೂಲಿನ ಮೇಲೆ ಕೂತು ಅವಳಿಗೆ ಚಂದ್ರನ ಮಾತನ್ನು ಪಿಸುಗುಟ್ಟಬೇಕು. ಅದನ್ನು ನೆನೆದರೇ ನನ್ನ ಹೊಟ್ಟೆ ಉರಿಯುತ್ತಿತ್ತು. ಇನ್ನೊಂದು ಕಡೆ, ಹಗ್ಗ ಕಿತ್ತು ಅಕ್ಕ ಬಿದ್ದರೆ ಅನ್ನುವ ಹೆದರಿಕೆ. ನನಗಿರುವುದು ಒಬ್ಬಳೇ ಅಕ್ಕ. ಅವಳು ಏರಬೇಕು, ಆದರೆ ನಿಜವಾದ ತೂಕದಲ್ಲಿ ಏರಬೇಕು. ಅದಕ್ಕೇ ಡಿಜಿಟಲ್ ಬೇಕು ಅಂತ ಹಟ ಹಿಡಿದದ್ದು.

ಮಾರನೆಯ ಬೆಳಿಗ್ಗೆ ಬಚ್ಚಲಿನಿಂದ ಕೂಗು ಕೇಳಿಸಿತು. "ಐವತ್ತೆಂಟೂವರೆ! ಬಾರೇ, ನೋಡು ಬಾ!" ಅಕ್ಕ ಸ್ನಾನ ಮುಗಿಸಿ, ದಿನವಿಡೀ ತೊಡುವ ತೆಳು ಗೌನಿನಲ್ಲಿ ತನ್ನ ಪ್ರೀತಿಯ ಮುಳ್ಳಿನ ಮಷಿನ್ ಮೇಲೆ ನಿಂತಿದ್ದಳು. ನಾನು ಓಡಿಹೋಗುವಷ್ಟರಲ್ಲಿ ಇಳಿದೂ ಆಗಿತ್ತು. ನಾನು ಒಪ್ಪಲಿಲ್ಲ. ಮಧ್ಯಾಹ್ನ ಅವಳು ಹೊಲಿಯುತ್ತಿದ್ದಾಗ ಕೈ ಹಿಡಿದು ಎಬ್ಬಿಸಿ, ಮೇಜಿನ ಪಕ್ಕದಲ್ಲಿ ಇಟ್ಟಿದ್ದ ಡಿಜಿಟಲ್ ಮೇಲೆ ನಿಲ್ಲಿಸಿದೆ. ನೀಲಿ ಅಂಕಿ ಮೂರು ಸಲ ಮಿಟುಕಿ ನಿಂತಿತು. ಅರವತ್ತೊಂದು.

"ನಿನ್ನ ಮಷಿನ್ನಿಗೆ ಕಣ್ಣಿಲ್ಲ" ಅಂದಳು.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕೇ ಇದೆ! ಈ ಮೂಲೇಲಿ ಹಲಗೆ ಕುಸಿದಿಲ್ವಾ?"

ಮಷಿನ್ನನ್ನು ಬೇರೆ ಮೂಲೆಗೆ ಇಟ್ಟೆ. ಅರವತ್ತೊಂದು. ಬಾಗಿಲ ಬಳಿ ಇಟ್ಟೆ. ಅರವತ್ತೊಂದು. ಮಾರನೆಯ ಬೆಳಿಗ್ಗೆ ಮತ್ತೆ ಬಚ್ಚಲಿನಿಂದ ಕೂಗು, ಐವತ್ತೆಂಟೂವರೆ. ಮಧ್ಯಾಹ್ನ ನನ್ನ ಕೂಗು, ಅರವತ್ತೊಂದು. ಬೆಳಿಗ್ಗೆ ಹಾರುವ ಹಕ್ಕಿ, ಮಧ್ಯಾಹ್ನ ಹಿಟ್ಟಿನ ಮೂಟೆ! ಬಟ್ಟೆ ಹೊಲಿಸಲು ಬಂದ ಗಿರಾಕಿಗಳೂ ಪಕ್ಷ ಹಿಡಿಯತೊಡಗಿದರು. ವಯಸ್ಸಾದವರೆಲ್ಲ ಮುಳ್ಳಿನ ಕಡೆ, ಹುಡುಗರೆಲ್ಲ ಡಿಜಿಟಲ್ ಕಡೆ. ಕೋಟಿನ ಅಳತೆ ಕೊಡಲು ಬಂದ ವಕೀಲರು ಮಾತ್ರ ಎರಡರ ಮೇಲೂ ನಿಂತು, ಎರಡನ್ನೂ ಬೈದು ಹೋದರು.

ಶನಿವಾರ ಬ್ರೆಡ್ಡಣ್ಣನಿಗೆ ಸಾಕಾಗಿಹೋಯಿತು. ತಲೆಯ ಮೇಲೆ ಅಕ್ಕತಂಗಿಯರ ಕೂಗಾಟ ಕೇಳಿ ಕೇಳಿ ಅವನ ಹಿಟ್ಟು ಉಬ್ಬುತ್ತಿಲ್ಲವಂತೆ. ಇನ್ನೂ ಬಾಯಿ ಬಿಚ್ಚದ ಇಪ್ಪತ್ತೈದು ಕೆಜಿ ಹಿಟ್ಟಿನ ಮೂಟೆಯನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತಿ ಬಂದ. "ಇದರ ತೂಕ ನಂಗೊತ್ತು. ಯಾವ ಮಷಿನ್ ಸುಳ್ಳು ಹೇಳುತ್ತೋ ಅದನ್ನ ಕಿಟಕಿಯಿಂದ ಎಸೀತೀನಿ" ಅಂದ.

ಮುಳ್ಳಿನದರ ಮೇಲೆ ಇಟ್ಟ. ಮುಳ್ಳು ಇಪ್ಪತ್ತೈದಕ್ಕೆ ಹೋಗಿ ನಿಂತಿತು. ಡಿಜಿಟಲ್ ಮೇಲೆ ಇಟ್ಟ. ಇಪ್ಪತ್ತೈದು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಬ್ರೆಡ್ಡಣ್ಣ ಮೂಟೆಯನ್ನು ಮತ್ತೆ ಹೆಗಲಿಗೇರಿಸಿ, "ಹಾಗಾದ್ರೆ ಮಷಿನ್ನುಗಳು ಸತ್ಯವಂತರು. ಇನ್ನು ನೀವುಂಟು, ನಿಮ್ಮ ಅಕ್ಕ ಉಂಟು" ಅಂತ ಇಳಿದುಹೋದ.

"ಈಗ ಹತ್ತು" ಅಂದೆ. "ನಿನ್ನ ಮುಳ್ಳಿನ ಮೇಲೇ ಹತ್ತು, ನನ್ನ ಕಣ್ಣೆದುರಿಗೆ."

ಅಕ್ಕ ಹತ್ತಿದಳು. ಮುಳ್ಳು ಮುಂದೆ ಓಡಿತು, ಹಿಂದೆ ಬಂತು, ತೂಗಾಡಿ ತೂಗಾಡಿ ನಿಂತಿತು. ಅರವತ್ತೊಂದು.

ಅವಳ ಮುಖ ಬಾಡಿಹೋಯಿತು. ನಾನು ಗೆದ್ದೆ, ಆದರೆ ಅಂಥ ಕೆಟ್ಟ ಗೆಲುವು ಶತ್ರುವಿಗೂ ಬೇಡ. "ಹೋಗ್ಲಿ ಬಿಡಕ್ಕ" ಅನ್ನಲು ಬಾಯಿ ತೆರೆದೆ. ನನ್ನ ಹಾಳು ಬಾಯಿಂದ ಬಂದದ್ದು ಬೇರೆ. "ನಾನು ಮೊದಲೇ ಹೇಳ್ಲಿಲ್ವಾ?"

"ಹೇಳಿದ್ದೆ, ಮಾರಾಯ್ತಿ, ಹೇಳಿದ್ದೆ! ನೀನೇ ಸರಿ! ಯಾವಾಗ್ಲೂ ನೀನೇ ಸರಿ!" ಮಷಿನ್ ಮೇಲಿಂದ ಇಳಿಯದೆ, ಸೊಂಟದ ಏಪ್ರನ್ನನ್ನು ಕಿತ್ತು ನನ್ನ ಮುಖಕ್ಕೆ ಎಸೆದಳು.

ಏಪ್ರನ್ನು ನನ್ನ ಎದೆಗೆ ಢಬ್ ಅಂತ ಬಡಿದು ನಾನು ಎರಡು ಹೆಜ್ಜೆ ಹಿಂದೆ ಹೋದೆ. ಅಮ್ಮಾ, ಏನು ಭಾರ! ಅದೇ ಗಳಿಗೆಗೆ ಅಕ್ಕನ ಕಾಲ ಕೆಳಗೆ ಮುಳ್ಳು ಸರ್ರನೆ ಹಿಂದೆ ಸರಿಯಿತು. ಅರವತ್ತೊಂದು, ಅರವತ್ತು, ಐವತ್ತೊಂಬತ್ತು. ಐವತ್ತೆಂಟೂವರೆಗೆ ಬಂದು ನಿಂತಿತು.

ನಾನು ಏಪ್ರನ್ನಿನ ಜೇಬುಗಳಿಗೆ ಕೈ ಹಾಕಿದೆ. ದೊಡ್ಡ ಕತ್ತರಿ. ಚಿಕ್ಕ ಕತ್ತರಿ. ಬಾಬಿನ್ನುಗಳ ಡಬ್ಬಿ. ಅಂಗಡಿ, ಮನೆ, ಗೋದಾಮು, ಯಾವತ್ತೋ ಕಳೆದುಹೋದ ಪೆಟ್ಟಿಗೆ ಎಲ್ಲದರ ಬೀಗದಕೈ ಗೊಂಚಲು. ಕತ್ತರಿಸುವಾಗ ಬಟ್ಟೆ ಜಾರದಿರಲೆಂದು ಅದರ ಮೇಲೆ ಇಡುವ ಕಬ್ಬಿಣದ ಬಿಲ್ಲೆಗಳು, ಒಂದಾದ ಮೇಲೊಂದು. ಹೊಲಿಗೆಯವರಿಗೆ ಏಪ್ರನ್ನು ಚರ್ಮವಿದ್ದ ಹಾಗೆ; ಹಾಕಿಕೊಂಡಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ. ತೂಕ ನೋಡಲು ತೂಕದ ಬಿಲ್ಲೆಗಳನ್ನೇ ಜೇಬಿನಲ್ಲಿಟ್ಟುಕೊಂಡು ನಿಂತಿದ್ದಾಳೆ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಅಂದರೆ ಇದೇ.

ನಾನು ನಗಲು ಶುರುಮಾಡಿದೆ. ಅಕ್ಕನೂ ನಕ್ಕಳು. ಅವಳು ನಕ್ಕ ಹಾಗೆಲ್ಲ ಮುಳ್ಳು ಕೆಳಗೆ ಕುಣಿಯುತ್ತಿತ್ತು. ಅದನ್ನು ನೋಡಿ ಮತ್ತೂ ನಕ್ಕು ಇಬ್ಬರೂ ನೆಲದ ಮೇಲೆ ಕೂತುಬಿಟ್ಟೆವು. ಕೆಳಗಿನಿಂದ ಬ್ರೆಡ್ಡಣ್ಣ ಸೌಟಿನಲ್ಲಿ ಚಾವಣಿ ಬಡಿದ.

"ನೋಡಿದ್ಯಾ?" ಅಂದಳು ಅಕ್ಕ ಕಣ್ಣೊರೆಸಿಕೊಂಡು. "ನಿನ್ನ ಡಿಜಿಟಲ್ ಒಂದು ಸಲ ಹೇಳಿ ಬಾಯಿ ಮುಚ್ಕೊಂಡು ಕೂರುತ್ತೆ. ನನ್ನ ಮುಳ್ಳು ಆಗ್ತಾ ಇರೋದನ್ನ ಆಗ್ತಾ ಇರೋ ಹಾಗೇ ತೋರ್ಸುತ್ತೆ."

"ಒಪ್ಪಿದೆ ತಾಯಿ. ಬಟ್ಟೆಬರೆಗೂ ತೂಕ ಇರುತ್ತೆ ಅಂತ ನಮಗೇ ಹೊಳೀಲಿಲ್ವಲ್ಲ..." ಅಂದವಳು ಅಲ್ಲಿಗೇ ನಿಂತೆ. ಅಕ್ಕನ ನಗುವೂ ನಿಂತಿತು. ಇಬ್ಬರ ಕಣ್ಣೂ ಒಟ್ಟಿಗೇ ಮೂಲೆಗೆ ಹೋಯಿತು.

ಮೂಲೆಯಲ್ಲಿ ಚಂದ್ರನ ಉಡುಪು ನೇತಾಡುತ್ತಿತ್ತು.

ನಾವೇ ಹೊಲಿದದ್ದು, ನಮ್ಮ ಜೀವಮಾನದ ಕೆಲಸ. ಕಬ್ಬಿಣದ ಬಳೆಯ ಮೇಲೆ ಚೆಂಡಿನ ಹಾಗೆ ಉಬ್ಬಿದ ಎರಡು ಪದರ ಬಿಳಿ ಸ್ಯಾಟಿನ್, ಹಿಂದೂ ಮುಂದೂ ಕನ್ನಡಿ ಚೂರು, ಅಂಚಿಗೆಲ್ಲ ಚಮಕಿ. ಅಕ್ಕ ಅದನ್ನು ತಬ್ಬಿಕೊಂಡು ಡಿಜಿಟಲ್ ಮೇಲೆ ನಿಂತಳು. ಅರವತ್ತನಾಲ್ಕು ಪಾಯಿಂಟ್ ಒಂದು.

"ಮೂಗಿಗಿಂತ ಮೂಗುತಿ ಭಾರ" ಅಂದೆ. ಆಮೇಲೆ ನಮಗೆ ಮಾತಾಡಲು ಪುರುಸೊತ್ತಿರಲಿಲ್ಲ. ಮಾರನೆಯ ಸಂಜೆಯೇ ತಾಲೀಮು.

ಕಬ್ಬಿಣದ ಬಳೆ ತೆಗೆದು ಬೆತ್ತದ್ದು ಹಾಕಿದೆವು. ಹೊಲಿಗೆ ಬಿಚ್ಚಿ ಒಳಪದರ ಕಿತ್ತೆವು. ಡಿಜಿಟಲ್ ನಮ್ಮ ನಡುವೆ ನೆಲದ ಮೇಲೆ, ಒಂದೊಂದು ಕೆಲಸಕ್ಕೂ ಅಕ್ಕ ಹತ್ತುವುದು, ನಾನು ಓದುವುದು. ಈಗ ಗ್ರಾಮಿನ ಲೆಕ್ಕ, ಇಲ್ಲಿ ದಾಕ್ಷಿಣ್ಯದ ಮುಳ್ಳು ಉಪಯೋಗಕ್ಕೆ ಬರುವುದಿಲ್ಲ ಅನ್ನುವುದನ್ನು ಅವಳೇ ಒಪ್ಪಿಕೊಂಡಳು. ಎಷ್ಟು ಕಿತ್ತರೂ ಅರವತ್ತೊಂದೂವರೆಯ ಹತ್ತಿರ ಬಂದು ಹಟ ಹಿಡಿದು ನಿಂತಿತು. ಕನ್ನಡಿ ಚೂರು ತೆಗೆದರೆ ಇಳಿಯುತ್ತದೆ, ಆದರೆ ಹೊಳೆಯದ ಚಂದ್ರ ಯಾವ ಸೀಮೆಯ ಚಂದ್ರ?

ಅಕ್ಕ ಬಾಯಲ್ಲಿ ಪಿನ್ನು ಕಚ್ಚಿಕೊಂಡು ತುಂಬ ಹೊತ್ತು ಉಡುಪನ್ನೇ ನೋಡಿದಳು. ಪಿನ್ನು ತೆಗೆದು, "ಅಲ್ವೇ, ಚಂದ್ರನ ಬೆನ್ನು ಯಾರು ನೋಡಿದ್ದಾರೆ?" ಅಂದಳು.

ನನಗೆ ಅವಳನ್ನು ಎತ್ತಿ ಮುದ್ದಾಡುವ ಹಾಗಾಯಿತು, ಐವತ್ತೆಂಟೂವರೆ ಕೆಜಿಯನ್ನೂ. ಕತ್ತರಿ ತೆಗೆದುಕೊಂಡು ಚಂದ್ರನ ಬೆನ್ನನ್ನು ಇಡಿಯಾಗಿ ಕತ್ತರಿಸಿ ಎಸೆದೆ. ಕನ್ನಡಿ, ಸ್ಯಾಟಿನ್, ಚಮಕಿ ಎಲ್ಲ ಮುಂದೆ ಮಾತ್ರ. ಹಿಂದಕ್ಕೆ ಕೋಟುಗಳಿಗೆ ಹಾಕಿ ಉಳಿದಿದ್ದ ಕಪ್ಪು ಲೈನಿಂಗ್ ಬಟ್ಟೆ, ಗಾಳಿಯಷ್ಟು ಹಗುರ.

ಭಾನುವಾರ ವೈರು ಎರಡೂ ಮಷಿನ್ ಇಡಿಸಿ, ಉಡುಪು ತೊಟ್ಟ ಅಕ್ಕನನ್ನು ಹತ್ತಿಸಿ, ಮೊಣಕಾಲೂರಿ ಕೂತು ನೋಡಿದ. ಮುಳ್ಳು ಅರವತ್ತರ ಗೆರೆಯ ಈಚೆಗೆ ನಡುಗುತ್ತ ನಿಂತಿತ್ತು. ಡಿಜಿಟಲ್ ಐವತ್ತೊಂಬತ್ತು ಪಾಯಿಂಟ್ ಎಂಟು ಅಂದಿತು. "ಇನ್ನೂರು ಗ್ರಾಂ ಉಳಿದಿದೆ" ಅಂದ. "ನಾಟಕದ ದಿನ ಊಟ ಮೆಲ್ಲಗೆ ಮಾಡಿ ಅಕ್ಕ." ಬೆಲ್ಟು ಕಟ್ಟಿ, ಬೆನ್ನಿನ ಕೊಂಡಿಗೆ ಹಗ್ಗ ಸಿಕ್ಕಿಸಿ, ನೆಲದಿಂದ ಮೊಣಕಾಲೆತ್ತರಕ್ಕೆ ಮಾತ್ರ ಎತ್ತಿ ಇಳಿಸಿದ. ಅಷ್ಟಕ್ಕೇ ಅಕ್ಕ ಕಿಲಕಿಲ ನಕ್ಕಳು. ಕಡ್ಡಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು, ಪಾತ್ರ ತಪ್ಪಿದ ಖುಷಿ ಅವಳ ಮುಖದಲ್ಲೇ ಇತ್ತು.

ನಾಟಕದ ದಿನ ಸ್ಟೂಲಿನ ಮೇಲೆ ಪ್ರಾಂಪ್ಟರ್ ಆಗಿ ಕೂತವಳು ನಾನು. ಬೇರೆ ಯಾರೂ ಸಿಕ್ಕಲಿಲ್ಲ. "ಪಿಸುಗುಟ್ಟಬೇಕು, ಕೂಗಬಾರ್ದು" ಅಂತ ಮೇಷ್ಟ್ರು ಕೈಮುಗಿದು ಬೇಡಿಕೊಂಡಿದ್ದರು. ನನ್ನ ಪಿಸುಮಾತು ಮೂರು ಬೀದಿಗೆ ಕೇಳಿಸುತ್ತದೆ ಅನ್ನುವುದು ಅವರಿಗೂ ಗೊತ್ತು. ಕಡೆಯ ದೃಶ್ಯದವರೆಗೂ ನಾನು ಬಾಯಿ ಬಿಗಿಹಿಡಿದು ಕೂತಿದ್ದೆ. ರಾಜ ಮಂತ್ರಿಯ ಜೇಬು ತಡಕಿದ್ದಾಯಿತು. ದೀಪಗಳು ಮಂಕಾದವು. ವೈರು ಗುಂಡಿ ಒತ್ತಿದ, ಮೋಟರು ಗೊಣಗಿತು.

ಕೋಟೆಗೋಡೆಯ ಹಿಂದಿನಿಂದ ಅಕ್ಕ ಏರಿದಳು. ಮೊದಲು ಬೆಳ್ಳಗಿನ ತಲೆ, ಆಮೇಲೆ ಬೆಳ್ಳಗಿನ ದುಂಡು ಚಂದ್ರ. ಕನ್ನಡಿ ಚೂರುಗಳಿಗೆ ಬೆಳಕು ಬಿದ್ದು ಇಡೀ ಸಭಾಂಗಣದ ಗೋಡೆಗಳ ಮೇಲೆ ಚುಕ್ಕಿಗಳು ಓಡಾಡಿದವು. ಜನ "ಓ" ಅಂದರು. ಅವಳು ಇನ್ನೂ ಏರಿದಳು. ಆಗ, ಅಯ್ಯೋ ನನ್ನ ಕರ್ಮವೇ, ಒಂದೇ ಹಗ್ಗಕ್ಕೆ ನೇತಾಡುತ್ತಿದ್ದ ಅಕ್ಕ ಮೆಲ್ಲಗೆ ತಿರುಗತೊಡಗಿದಳು.

ಮೊಣಕಾಲೆತ್ತರದ ತಾಲೀಮಿನಲ್ಲಿ ಇದು ಯಾರಿಗೂ ಗೊತ್ತಾಗಿರಲಿಲ್ಲ. ಚಂದ್ರನ ಬೆನ್ನು, ಯಾರೂ ನೋಡದ ಬೆನ್ನು, ಕೋಟಿನ ಲೈನಿಂಗಿನ ಬೆನ್ನು, ಊರಿಗೆ ಊರೇ ಕೂತಿರುವ ಕಡೆಗೆ ತಿರುಗುತ್ತಿತ್ತು! ನಾನು ಕಣ್ಣು ಮುಚ್ಚಿಕೊಂಡೆ. ಮಾನ ಹೋಯಿತು, ಅಂಗಡಿ ಮುಚ್ಚಿದ ಹಾಗೆಯೇ ಅಂದುಕೊಂಡೆ.

ಒಂದು ಕಣ್ಣು ತೆರೆದೆ. ದುಂಡು ಚಂದ್ರ ಸವೆಯುತ್ತಿತ್ತು. ಮುಕ್ಕಾಲಾಯಿತು, ಅರ್ಧವಾಯಿತು, ಬೆಳ್ಳನೆಯ ಗೆರೆಯಾಯಿತು, ಪೂರಾ ಕಪ್ಪಾಗಿ ಕತ್ತಲಲ್ಲಿ ಕರಗಿಹೋಯಿತು. ಅಮಾವಾಸ್ಯೆ. ಮತ್ತೆ ಇನ್ನೊಂದು ಅಂಚಿನಿಂದ ಬೆಳ್ಳನೆಯ ಗೆರೆ ಮೂಡಿತು, ಅರ್ಧವಾಯಿತು, ತುಂಬಿತು. ಹುಣ್ಣಿಮೆ! ಚಪ್ಪಾಳೆ ಯಾವ ಪರಿ ಬಿತ್ತೆಂದರೆ ರಾಜನ ಗಡ್ಡ ಅದುರಿತು. ಮೇಷ್ಟ್ರು ಎಲ್ಲ ತಮ್ಮದೇ ಯೋಜನೆ ಅನ್ನುವ ಹಾಗೆ ಗಂಭೀರವಾಗಿ ತಲೆಯಾಡಿಸುತ್ತಿದ್ದರು.

ಆದರೆ ಅಕ್ಕ ಮಾತೇ ಆಡುತ್ತಿಲ್ಲ. ಮೇಲೆ ತಿರುಗುತ್ತ ನಗುತ್ತಿದ್ದಾಳೆ, ಮೈಯೆಲ್ಲ ಕುಲುಕಿಸಿ ನಗುತ್ತಿದ್ದಾಳೆ. ಎಲ್ಲರ ಮಾತನ್ನೂ ಬಾಯಿಪಾಠ ಇಟ್ಟುಕೊಂಡವಳು ತನ್ನ ನಾಲ್ಕು ಮಾತು ಮರೆತಳೇ? ರಾಜ ಕಾದ. ಮಂತ್ರಿ ಕೆಮ್ಮಿದ. ತಡೆಯಲಾಗದೆ ಪಿಸುಗುಟ್ಟಿದೆ.

"ನಾನು ಎಲ್ಲಿಗೂ ಹೋಗಿರಲಿಲ್ಲ!"

ಕಡೆಯ ಸಾಲಿನ ಮಗುವೊಂದು ನನ್ನ ಪಿಸುಮಾತಿಗೆ ಎಚ್ಚರವಾಗಿ ಅಳತೊಡಗಿತು.

"ಸುಮ್ನಿರೇ, ಗೊತ್ತು ನಂಗೆ!" ಅಂದಳು ಚಂದ್ರ, ಆಕಾಶದಿಂದ.

ನಕ್ಕರು ನೋಡಿ ಜನ, ಕುರ್ಚಿಗಳು ಕಿರುಗುಟ್ಟುವ ಹಾಗೆ ನಕ್ಕರು. ಆ ನಗು ಪೂರ್ತಿ ಇಳಿಯುವವರೆಗೂ ಅಕ್ಕ ಕಾದಳು. ಅವಳು ಪಿಸುಗುಟ್ಟುತ್ತಾಳೇನೋ, ಅಭ್ಯಾಸಬಲ, ಅಂತ ನನಗೆ ಹೆದರಿಕೆಯಿತ್ತು. ಇಲ್ಲ. ಆ ಗಂಟಲಿನಲ್ಲಿ ಅಂಥ ದನಿ ಇತ್ತು ಅನ್ನುವುದು ಒಟ್ಟಿಗೆ ಬೆಳೆದ ನನಗೂ ಗೊತ್ತಿರಲಿಲ್ಲ.

"ನಾನು ಎಲ್ಲಿಗೂ ಹೋಗಿರಲಿಲ್ಲ. ಇಲ್ಲೇ ಇದ್ದೆ. ದಿನಾ ಇಲ್ಲೇ ಇದ್ದೆ. ನೀವು ತಲೆ ಎತ್ತಿ ನೋಡಲಿಲ್ಲ, ಅಷ್ಟೇ."

ರಾಜ ನಿಜವಾಗಿಯೇ ಅಳುತ್ತಿದ್ದ. ಎಷ್ಟು ವರ್ಷ ಅವಳ ಪಿಸುಮಾತನ್ನು ತಿಂದು ಬದುಕಿದ ಪ್ರಾಣಿಯೋ! ನಾನೂ ಅತ್ತೆ. ಮುಚ್ಚಿಟ್ಟು ಏನಾಗಬೇಕು? ಗೊಳೋ ಅಂತ ಅತ್ತೆ.

ಪರದೆ ಬಿದ್ದಿತು. ಆ ಸಲ ಹೆಸರು ಕೂಗುವಾಗ ಅವಳ ಹೆಸರನ್ನು ನಾನೇ ಕೂಗಿದೆ, ಕೂಗು ಅಂತ ಯಾರೂ ಹೇಳದಿದ್ದರೂ. ಜನ ಹೋದ ಮೇಲೆ ವೈರು ಕೊಂಡಿ ಬಿಚ್ಚಲು ಬಂದಾಗ ಅಕ್ಕ ತಲೆ ತಿರುಗಿ ಅವನ ಹೆಗಲು ಹಿಡಿದು ನಿಂತಳು. ನಾನು ನೀರು ಹಿಡಿದು ಓಡಿದೆ.

"ಏನೂ ತೂಕಾನೇ ಇರ್ಲಿಲ್ಲ ಕಣೇ" ಅಂದಳು. "ಮುಳ್ಳಿನ ಮೇಲೆ ನಿಂತಿದ್ರೂ ಸೊನ್ನೆ. ಡಿಜಿಟಲ್ ಮೇಲೆ ನಿಂತಿದ್ರೂ ಸೊನ್ನೆ." ನೀರಿನ ಲೋಟ ಬಾಯಿಯ ತನಕ ಒಯ್ದು, ಕುಡಿಯದೆ ವಾಪಸ್ ಕೊಟ್ಟಳು. "ಬೇಡ, ಇನ್ನೂರು ಗ್ರಾಂ ದಾಟಿಬಿಡುತ್ತೆ. ವೈರು, ಇನ್ನೊಂದೇ ಒಂದು ಸಲ ಏರ್ಸೋ."

ವೈರು ನನ್ನ ಮುಖ ನೋಡಿದ. ಬೇರೆ ದಿನವಾಗಿದ್ದರೆ ನಾನು ಬೈದು ಮನೆಗೆ ಎಳೆದುಕೊಂಡು ಹೋಗುತ್ತಿದ್ದೆ.

"ಏರ್ಸೋ" ಅಂದೆ.

ಸ್ಟೂಲು ಬಿಟ್ಟು, ವೇದಿಕೆ ಇಳಿದು, ಖಾಲಿ ಸಭಾಂಗಣದ ಮೊದಲ ಸಾಲಿನಲ್ಲಿ ಕೂತೆ. ಮೋಟರು ಗೊಣಗಿತು. ನಾನು ತಲೆ ಎತ್ತಿ ನೋಡಿದೆ.